ಮರೆವಿಗೆ ಹಾಕಿದ ಹಾಜರಿ

ಮರೆವಿನವರ ಕಸರತ್ತು ನೋಡಲು ಹೋಗುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ; ನಕ್ಕು ಮನೆಗೆ ಬಂದ ಮೇಲೆ ರೊಟ್ಟಿ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಮರೆವಿನ ಕಾಯಿಲೆ ಆಗತಾನೇ ಶುರುವಾದ ಹಿರಿಯರಿಗೆ ಕಸರತ್ತು ಕಲಿಸಲು ಒಂದು ಸಂಸ್ಥೆಯವರು ನಮ್ಮ ನಾಲ್ಕು ತಾಲೂಕುಗಳಲ್ಲಿ ವರ್ಗ ತೆರೆದಿದ್ದರು. ಅವು ಹೇಗೆ ನಡೆದಿವೆಯೆಂದು ನೋಡಿ ಫಾರ್ಮು ತುಂಬಲು ಒಬ್ಬ ಬೇಕಾಗಿತ್ತು. ನಾನು ಹಳ್ಳಿ ಸಾಲಿಯಲ್ಲಿ ಏಳನೆಯ ಇಯತ್ತೆ ಓದಿದ ಒಕ್ಕಲುತನದವನು, ಅಕ್ಷರ ದುಂಡಗಿವೆ. ಒಪ್ಪಿಕೊಂಡೆ. ಅಂಕ ಕಡಿಮೆ ಬಿದ್ದ ವರ್ಗವನ್ನು ಮುಚ್ಚುತ್ತೇವೆ ಎಂದಿದ್ದರು, ಇಂಡಿ ಹತ್ತಿರದ ನಮ್ಮೂರ ವರ್ಗದಲ್ಲಿ ನನ್ನ ಅಣ್ಣನೂ ಇದ್ದ.

ಸಿಂದಗಿ

ಇಲ್ಲಿ ಹಾಜರಿ ಪುಸ್ತಕಕ್ಕೆ ಬಣ್ಣದ ಹೊದಿಕೆ. ಒಂದು ಖಾನೆಯೂ ಖಾಲಿಯಿಲ್ಲ. ಮಾಸ್ತರ ಬೆವರು ಸುರಿಸಿ ಕೈ ಎತ್ತುತ್ತಿದ್ದ, ಬಗ್ಗುತ್ತಿದ್ದ. ಹಿರಿಯರು ಗೋಡೆಗೆ ಒರಗಿ ಚಹಾ ಕುಡಿಯುತ್ತ ಅವನನ್ನೇ ನೋಡುತ್ತಿದ್ದರು. ಗುಣ ಕಂಡಿತೇನ್ರಿ ಅಂತ ಒಬ್ಬ ಮುತ್ಯಾನನ್ನು ಕೇಳಿದೆ.

"ಭಾಳ ಗುಣ ಐತ್ರಿ. ಎರಡ ತಿಂಗಳದಾಗ ಅವನ ಹೊಟ್ಟಿ ಪೂರಾ ಕರಗೇತಿ."

ವರ್ಗದ ಬಗ್ಗೆ ಫಾರ್ಮಿನಲ್ಲಿ ಇದ್ದ ಪ್ರಶ್ನೆಗಳು ಎರಡೇ: ಮಾಸ್ತರ ಕಸರತ್ತು ಮಾಡಿ ತೋರಿಸಿದನೇ? ಪುಸ್ತಕ ತುಂಬಿದೆಯೇ? ಪೂರ್ತಿ ಅಂಕ.

ಬಸವನ ಬಾಗೇವಾಡಿ

ಕುಳಿತು ಏಳುವ ಕಸರತ್ತಿಗೆಂದು ಮನೆಮನೆಗೆ ಒಂದು ಕುರ್ಚಿ ಕೊಟ್ಟಿದ್ದರು. ಒಂದು ಮನೆಯಲ್ಲಿ ಕುರ್ಚಿಯ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಆ ಮನೆಯ ಮುದುಕಿ ಆಯಿ ನೆಲದ ಮೇಲೆ ಚಾಪೆಯಲ್ಲಿದ್ದಳು. ಸೊಸೆ ಹೇಳಿದ್ದು: ಮಗಳನ್ನು ನೋಡಲು ಬೀಗರು ಬರುವವರಿದ್ದಾರೆ, ಅಲ್ಲಿಯವರೆಗೆ ಅತ್ತೆ ಅದರ ಮೇಲೆ ಕೂತು ಹಾಳು ಮಾಡುವುದು ಬೇಡ. ಕುರ್ಚಿ ತಲುಪಿದೆಯೇ ಎಂಬಲ್ಲಿ 'ಹೌದು' ಎಂದು ಬರೆದೆ. ತಲುಪಿತ್ತಲ್ಲ.

ಮುದ್ದೇಬಿಹಾಳ

ಇಲ್ಲಿ ಫಾರ್ಮಿನವರ ಬುದ್ಧಿಗೆ ಕೈ ಮುಗಿಯಬೇಕು. ಹೋದ ವಾರ ಮನೆಯಲ್ಲಿ ಎಷ್ಟು ದಿನ ಕಸರತ್ತು ಮಾಡಿದಿರಿ ಎಂದು ಮರೆವಿನವರನ್ನೇ ಕೇಳಬೇಕಂತೆ, ಮನೆಯವರನ್ನು ಕೇಳಬಾರದಂತೆ. ಕೇಳಿದೆ. ಒಬ್ಬ ಆಯಿ ನನ್ನ ಮುಖವನ್ನೇ ನೋಡಿ ಅಂದಳು:

"ಅದು ನೆನಪಿದ್ದರ ನಿಮ್ಮ ಕೈಯಾಗ ಯಾಕ ಸಿಗತಿದ್ದೆನೋ ಯಪ್ಪಾ?"

ನಮ್ಮೂರು

ನಮ್ಮೂರಲ್ಲಿ ಕಲಿಸುತ್ತಿದ್ದವನು ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಉಸ್ತಾದ. ಅಕ್ಷರ ಬಾರದವನು. ಒಬ್ಬೊಬ್ಬರ ತೋಳು ಹಿಡಿದು, ಕಾಲು ಎತ್ತಿಸಿ, ಬೈದು, ಬೆನ್ನು ಸವರಿ ಮಾಡಿಸುತ್ತಿದ್ದ. ಹೊಲದಿಂದ ಮನೆಗೆ ದಾರಿ ತಪ್ಪುತ್ತಿದ್ದ ಅಣ್ಣ ನಾಲ್ಕು ತಿಂಗಳಲ್ಲಿ ಗರಡಿಗೆ ತಾನೇ ಹೋಗಿ ತಾನೇ ಬರತೊಡಗಿದ. ಅದನ್ನು ಬರೆಯಲು ಫಾರ್ಮಿನಲ್ಲಿ ಖಾನೆ ಇರಲಿಲ್ಲ. ಹಾಜರಿ ಪುಸ್ತಕದ ಖಾನೆ ಇತ್ತು, ಪುಸ್ತಕ ಇರಲಿಲ್ಲ.

"ಕಾಕಾ, ನೀವಽ ಒಂದ ಪುಸ್ತಕ ಬರದ ಬಿಡ್ರಿ. ನಿಮ್ಮ ಅಕ್ಷರ ಚಂದ ಅದಾವ," ಅಂದ ಉಸ್ತಾದ.

ಆಗಷ್ಟೇ ಪೂಜೆ ಮುಗಿಸಿ ಬಂದಿದ್ದೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಸುಳ್ಳು ಬರೆಯಲಾರೆ ಎಂದೆ. 'ಇಲ್ಲ' ಎಂದು ದುಂಡಗೆ ಬರೆದೆ.

ಸಿಂದಗಿಯ ಮಾಸ್ತರನಿಗೆ ಶಾಲು ಹೊದಿಸಿದರು. ನಮ್ಮೂರ ವರ್ಗವನ್ನು ಮುಚ್ಚಿದರು. ಉಸ್ತಾದ ಗರಡಿಗೆ ಕೀಲಿ ಹಾಕಿ ಕಬ್ಬು ಕಡಿಯುವ ಗುಂಪಿನ ಜೊತೆ ಹೋದ.

ವರ್ಗ ನಿಂತದ್ದನ್ನು ಊರೆಲ್ಲ ನೆನಪಿಟ್ಟಿತು. ಅಣ್ಣನಿಗೆ ಹತ್ತು ಸಲ ಹೇಳಿದರೂ ಉಳಿಯಲಿಲ್ಲ. ಹೊತ್ತು ಹುಟ್ಟುವಾಗ ಕೀಲಿ ಹಾಕಿದ ಬಾಗಿಲ ಮುಂದೆ ನಿಂತು, ಕೈ ಎತ್ತಿ ಇಳಿಸಿ, ಉಸ್ತಾದನ ದಾರಿ ಕಾಯುತ್ತಾನೆ. ಒಂದು ದಿನ ಕರೆತರಲು ಹೋದೆ. ಮನೆಗೆ ನಡೀ ಅಣ್ಣಾ ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಆ ಕಡೆ ಈ ಕಡೆ ನೋಡಿ, ಉಸ್ತಾದನ ಮರ್ಯಾದೆ ಹೋಗಬಾರದೆಂದು ಮೆಲ್ಲಗೆ ಹೇಳಿದ:

"ತಮ್ಮಾ, ಪಾಪ, ಅವಗ ದಿನಾ ಬರೂದು ಮರತ ಹೊಂಟೈತಿ. ಯಾರ ಮುಂದೂ ಅನಬ್ಯಾಡ. ನೀ ಫಾರಮ್ ತುಂಬ್ತೀಯಲಾ, ಅವನ ಹೆಸರಲೆ ಒಂದ ತುಂಬಿ ಬಿಡು. ಲಗೂನ ತೋರಿಸಿದರ ಗುಣ ಆಕ್ಕೈತಿ."