ಗುರುಪಾದಯ್ಯ ಮಾಸ್ತರರ ಗ್ರಾಫಿಕ್ಸ್ ಕಾರ್ಡು

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಕಂಪ್ಯೂಟರ್ ಬಲ್ಲವರು ಯಾರೆಂದು ಕೇಳಿದರೆ ಗುರುಪಾದಯ್ಯ ಮಾಸ್ತರರು ತಮ್ಮ ಕಡೆಗೇ ಬೆರಳು ತೋರಿಸುತ್ತಿದ್ದರು. (ಕೇಳದಿದ್ದರೂ ತೋರಿಸುತ್ತಿದ್ದರು.) ಹೈಸ್ಕೂಲಿನಲ್ಲಿ ಅವರು ಕಲಿಸುತ್ತಿದ್ದುದು ಇತಿಹಾಸ. ಮನೆಯ ಕಂಪ್ಯೂಟರಿನಲ್ಲಿ ದುಡಿಯುತ್ತಿದ್ದವಳು ಹೆಂಡತಿ ವಿದ್ಯಾವತಿ. ಮನೆ ಕಟ್ಟಿಸುವವರಿಗೆ ನಕ್ಷೆ ಬರೆದು, ಕಟ್ಟುವ ಮೊದಲೇ ಒಳಗೆಲ್ಲ ಅಡ್ಡಾಡಿದಂತೆ ಪರದೆಯ ಮೇಲೆ ತೋರಿಸುತ್ತಿದ್ದಳು. ಆದರೆ ಚಿತ್ರ ಪಡಸಾಲೆ ದಾಟುವಷ್ಟರಲ್ಲಿ ತಡವರಿಸಿ ನಿಂತುಬಿಡುತ್ತಿತ್ತು. ಅದಕ್ಕೇ ಹೊಸ ಗ್ರಾಫಿಕ್ಸ್ ಕಾರ್ಡು ತರಿಸಿದ್ದಳು.

"ಜುಬೇರನ ರಿಪೇರಿ ಅಂಗಡಿಗೆ ಒಯ್ದು ಹಾಕಿಸ್ಕೊಂಡು ಬರ್ತೀನ್ರಿ," ಅಂದಳು.

"ಎರಡು ಸ್ಕ್ರೂ ತಿರುವಾಕ ಜುಬೇರ ಯಾಕ? ಮನ್ಯಾಗ ನಾ ಇಲ್ಲೇನ?"

ಬುಧವಾರ ಶುಭಮುಹೂರ್ತದಲ್ಲಿ ಕಾರ್ಡಿನ ಡಬ್ಬಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮಾಸ್ತರರು ಕಂಪ್ಯೂಟರಿನ ಗರ್ಭಗುಡಿಯನ್ನು ಪ್ರವೇಶಿಸಿದರು. ಕಾರ್ಡು ಕೂತಿತು. ಅದರ ಸಾಫ್ಟ್‌ವೇರ್ ಹಾಕಿ, ಮೂರು ಸಲ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು. ಸೆಟ್ಟಿಂಗ್‌ನಲ್ಲಿ ಕಾರ್ಡಿನ ಹೆಸರು ಕಂಡಾಗ ಅವರ ಎದೆ ಗೇಣುದ್ದ ಉಬ್ಬಿತು. ಎದುರುಮನೆಯ ಗುರುಬಸವ್ವನನ್ನು ಕರೆದು ತೋರಿಸಿದರು. "ಕನ್ನಡಿ ಕನ್ನಡಿ ಆಗೇತ್ರಿ," ಎಂದಳಾಕೆ. (ಚಾಳೀಸು ಮನೆಯಲ್ಲೇ ಮರೆತು ಬಂದಿದ್ದಳು.)

"ಮೊದಲಿನಂಗ ನಿಂತು ನಿಂತ ನಡಿಯಾಕತ್ತೇತ್ರಿ," ಅಂದಳು ವಿದ್ಯಾವತಿ.

"ಹೊಸಾ ಎತ್ತು ಅದು. ನೊಗಕ್ಕ ಒಗ್ಗಾಕ ನಾಕು ದಿನ ಬೇಕು. ನೀ ಮಾತ್ರ ಹಿಂದಿನ ವಾಯರ್ ಮುಟ್ಟಬ್ಯಾಡ."

ಶನಿವಾರ ಮಧ್ಯಾಹ್ನ ಬಿಜ್ಜರಗಿಯ ಭಾಗಪ್ಪ ಬಂದ. ದ್ರಾಕ್ಷಿ ತೋಟದವ, ಊರಿನ ಶಾಲಾ ಸಮಿತಿಯ ಅಧ್ಯಕ್ಷ ಬೇರೆ. ವಿದ್ಯಾವತಿ ಒಬ್ಬಳೇ ನಕ್ಷೆ ಬರೆದ ಮೊದಲ ದೊಡ್ಡ ಮನೆ ಅವನದು. ಅವನು ಒಲ್ಲೆನೆಂದರೆ ಕೆಲಸ ಬೇರೆ ಆಫೀಸಿನ ಪಾಲು. ಮಾಸ್ತರರು ಕಾರ್ಡಿನ ಮಹಿಮೆಯ ಮೇಲೆ ಕಾಲು ತಾಸು ಪ್ರವಚನ ಕೊಟ್ಟು, "ಈಗ ನೋಡ್ರಿ," ಅಂದರು. ಪರದೆಯ ಮೇಲೆ ಭಾಗಪ್ಪನ ಮನೆಯ ಬಾಗಿಲು ತೆರೆಯಿತು. ಪಡಸಾಲೆ ಬಂತು. ಅಲ್ಲೇ ನಿಂತಿತು.

"ಅಡಗಿಮನಿಗೆ ಹೋಗಾಕ ಬಸ್ಸಿಗೆ ಕಾಯಬೇಕೇನ್ರಿ ಅಕ್ಕಾರ?" ಭಾಗಪ್ಪ ಕೇಳಿದ.

ವಿದ್ಯಾವತಿ ಮೇಜಿನ ಹಿಂದೆ ಬಗ್ಗಿ ನೋಡಿದಳು. ಪರದೆಯ ವಾಯರನ್ನು ಮಾಸ್ತರರು ರೂಢಿಯಂತೆ ಕಂಪ್ಯೂಟರಿನ ಹಳೆಯ ತೂತಿಗೇ ಚುಚ್ಚಿದ್ದರು. ಹೊಸ ಕಾರ್ಡಿನ ತೂತು ಖಾಲಿ. ಮೂರು ದಿನದಿಂದ ಕಾರ್ಡು ಕೆಲಸವಿಲ್ಲದೆ ಬರೀ ಹೊಗಳಿಸಿಕೊಳ್ಳುತ್ತ ಕೂತಿತ್ತು. ವಾಯರ್ ಕಿತ್ತು ಅಲ್ಲಿಗೆ ಹಾಕಿದಳು. ಚಿತ್ರ ಪಡಸಾಲೆ, ಅಡುಗೆಮನೆ, ದೇವರಕೋಣೆ ದಾಟಿ ಸರಸರ ಮಾಳಿಗೆ ಹತ್ತಿತು. ಭಾಗಪ್ಪ ಕುರ್ಚಿಯ ತುದಿಗೆ ಬಂದ. "ಇದ ಇರಲಿ. ಇದನ್ನ ಕಟ್ಟೂಣು," ಅಂದ. ವಿದ್ಯಾವತಿಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಗಂಡನ ಮುಖ ಇಳಿದದ್ದು ಕಂಡು ಕನಿಕರವೂ ಬಂತು. "ತಪ್ಪು ನಂದ್ರಿ," ಎಂದಳು ಭಾಗಪ್ಪನಿಗೆ. "ಕಸಾ ಹೊಡಿಯುವಾಗ ವಾಯರ್ ಕಿತ್ತು ಬ್ಯಾರೆ ಕಡೆ ಹಾಕಿದ್ದೆ."

ಅಲ್ಲಿಗೇ ಸುಮ್ಮನಿದ್ದರೆ ಮಾಸ್ತರರು ಬಚಾವಾಗುತ್ತಿದ್ದರು. "ಇರಲಿ ಬಿಡ್ರಿ, ಹೆಣ್ಮಕ್ಕಳಿಗೆ ಇದೆಲ್ಲಾ ಎಲ್ಲಿ ತಿಳಿಬೇಕು," ಎಂದು ಉದಾರವಾಗಿ ಕ್ಷಮಿಸಿದರು. "ನಾ ಮುಟ್ಟಿದ್ರ ಸತ್ತ ಮಷೀನೂ ಎದ್ದು ಕುಂಡರ್ತಾವ."

ಭಾಗಪ್ಪ ಎದ್ದು ಕೈಮುಗಿದ. "ದೇವರ ಸಿಕ್ಕಂಗ ಸಿಕ್ರಿ ಮಾಸ್ತರ. ನಮ್ಮೂರ ಸಾಲ್ಯಾಗ ಹನ್ನೆರಡು ಕಂಪ್ಯೂಟರ್ ಸತ್ತು ಬಿದ್ದಾವ. ನಾಳೆ ರವಿವಾರ, ನಿಮಗೂ ಸೂಟಿ. ಎಂಟಕ್ಕ ಗಾಡಿ ಕಳಸ್ತೀನಿ. ನೋಡಾಕ ಬರ್ರೆಂತ ಊರ ಮಂದಿಗೂ ಹೇಳಿರ್ತೀನಿ."

ಅವನು ಹೋದ ಮೇಲೆ ಮಾಸ್ತರರು ಅಡುಗೆಮನೆಯ ಬಾಗಿಲಿಗೆ ಬಂದರು. "ವಿದ್ಯಾ, ನಾಳೆ ನನ್ನ ಜೋಡಿ ನೀನೂ ಬಾ."

ವಿದ್ಯಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಬಂದು ಏನ್ ಮಾಡ್ಲಿರಿ? ಹೆಣ್ಮಕ್ಕಳಿಗೆ ಎಲ್ಲಿ ತಿಳಿಬೇಕು."