ಮಾರಕ್ಕನವರ ಮನೆಯ ಮೂರನೇ ಅಂತಸ್ತು

ಕಳೆದ ಫೆಬ್ರವರಿಯ ಒಂದು ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಹೆಲಿಕಾಪ್ಟರಿನಲ್ಲಿ ತರಬೇತಿ ಹಾರಾಟದಲ್ಲಿದ್ದ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ನಿಶಾಂತ್ ಅವರು ಚಾಮರಾಜಪೇಟೆಯ ಮೇಲೆ ಗುರುತು ಸಿಗದ ಹಾರುವ ವಸ್ತುವೊಂದನ್ನು ಕಂಡರು. ವಸ್ತು ಹಾರುತ್ತಿರಲಿಲ್ಲ. ಬೋರಲು ಹಾಕಿದ ಬಾಣಲೆಯಂತಿದ್ದ ಅದು ಒಂದು ಮನೆಯ ತಾರಸಿಯಿಂದ ಹದಿನೈದಡಿ ಮೇಲೆ ಸದ್ದಿಲ್ಲದೆ ನಿಂತಿತ್ತು. ವರದಿಯ ನಮೂನೆಯಲ್ಲಿ ‘ನಿಂತಿರುವ ವಸ್ತು’ ಎಂಬ ಕಲಂ ಇಲ್ಲದ ಕಾರಣ ಅದು ಹಾರುತ್ತಿದೆ ಎಂದೇ ದಾಖಲಾಯಿತು.

ಗುರುತು ಸಿಗದ ವಸ್ತುವನ್ನು ಕಂಡ ಅಧಿಕಾರಿಯು ಅದರ ಗುರುತು ಸಿಗುವವರೆಗೆ ರಜೆಯ ಮೇಲೆ ತೆರಳತಕ್ಕದ್ದಲ್ಲ ಎಂಬುದು ನಿಯಮ. ನಿಶಾಂತ್ ಅವರ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಆದ್ದರಿಂದ ಅವರು ಅಂದೇ ವಾರ್ಡ್ ಕಚೇರಿಗೆ ಪತ್ರ ಬರೆದು, ಸದರಿ ವಸ್ತು ಯಾರಿಗೆ ಸೇರಿದ್ದು ಎಂದು ತಿಳಿಸಲು ಕೋರಿದರು.

ವಸ್ತುವಿನ ಕೆಳಗಿದ್ದದ್ದು ಮಾರಕ್ಕನವರ ಮನೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು, ಒಂದೊಂದೇ ಕೋಣೆ ಸೇರಿಸುತ್ತ ಅವರು ಕಟ್ಟಿಸಿದ ಎರಡಂತಸ್ತಿನ ಮನೆ ಅದು. ಗುರುವಾರ ಮಧ್ಯಾಹ್ನ ವಾರ್ಡ್ ಎಂಜಿನಿಯರ್ ವೇಣುಗೋಪಾಲ್ ಅಲ್ಲಿಗೆ ಬಂದು, ತಾರಸಿಯ ಮೇಲೆ ಬಿದ್ದಿದ್ದ ವಸ್ತುವಿನ ನೆರಳನ್ನು ಟೇಪು ಹಿಡಿದು ಅಳೆದರು.

“ಮೂರನೇ ಅಂತಸ್ತಿಗೆ ಪ್ಲಾನ್ ಸ್ಯಾಂಕ್ಷನ್ ಇದೆಯೇನಮ್ಮಾ?”

“ಅದು ನಾನು ಕಟ್ಟಿಸಿದ್ದಲ್ಲ ಸಾರ್. ಮೊನ್ನೆ ಹಪ್ಪಳ ಒಣಗಾಕಿದ್ದೆ, ಬಿಸಿಲು ಹೋಯ್ತಲ್ಲ ಅಂತ ತಲೆ ಎತ್ತಿ ನೋಡಿದ್ರೆ ಇದು ಬಂದು ನಿಂತಿದೆ.”

“ಎಲ್ಲಾರೂ ಹಿಂಗೇ ಹೇಳ್ತಾರೆ,” ಎಂದು ವೇಣುಗೋಪಾಲ್ ನಿಟ್ಟುಸಿರು ಬಿಟ್ಟರು.

ಮರುದಿನವೇ ನೋಟಿಸು ಬಂತು. ಸದರಿ ಅಂತಸ್ತು ಪಕ್ಕದ ಸೈಟಿನ ಮೇಲೆ ಮೂರಡಿ ಚಾಚಿಕೊಂಡಿದೆ, ಅದಕ್ಕೆ ಕಂಬಗಳಿಲ್ಲ, ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಕಚೇರಿಯೇ ಕೆಡವುವುದು. ಮೇಲಿನ ಅಂತಸ್ತು ಯಂತ್ರದ ಕೈಗೆ ಎಟುಕದಿದ್ದ ಪಕ್ಷದಲ್ಲಿ, ಎಟುಕುವ ಅಂತಸ್ತುಗಳನ್ನು ಕೆಡವಿ ಸಮಾಧಾನಪಡತಕ್ಕದ್ದು.

ಮಾರಕ್ಕ ಮೂರು ಸಲ ಕಚೇರಿಗೆ ಹೋದರು. ಮೊದಲ ಸಲ ವೇಣುಗೋಪಾಲ್ ಸೈಟಿನ ಮೇಲಿದ್ದರು, ಎರಡನೇ ಸಲ ಊಟಕ್ಕೆ ಹೋಗಿದ್ದರು, ಮೂರನೇ ಸಲ ಸಿಕ್ಕರು, ಆದರೆ ಅಂದು ಸಾರ್ವಜನಿಕರ ಭೇಟಿಯ ದಿನವಾಗಿರಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಬೀದಿಗೆ ಜೆಸಿಬಿ ಬಂತು, ಜೊತೆಗೆ ವೇಣುಗೋಪಾಲ್ ಕೂಡ. ಮಾರಕ್ಕ ತೀರಿಹೋದ ಗಂಡನ ಫೋಟೊ, ಗ್ಯಾಸ್ ಸ್ಟೌವು, ಹೊಲಿಗೆ ಯಂತ್ರ ಇಷ್ಟನ್ನು ಬೀದಿಗೆ ತಂದಿಟ್ಟುಕೊಂಡು ನಿಂತಿದ್ದರು. ತಮ್ಮ ಪತ್ರಕ್ಕೆ ಉತ್ತರ ಬಾರದ ಕಾರಣ ನಿಶಾಂತ್ ಅವರೂ ಸಮವಸ್ತ್ರದಲ್ಲೇ ಹಾಜರಿದ್ದರು.

ಜೆಸಿಬಿಯ ಕೈ ಮೇಲೆದ್ದಿತು. ಮಾರಕ್ಕ ಮತ್ತೇನೂ ತೋಚದೆ ಕತ್ತೆತ್ತಿ ಕೂಗಿದರು:

“ಅಪ್ಪಾ, ನೀನು ಯಾರೋ ಏನೋ ಗೊತ್ತಿಲ್ಲ. ಮೂರಡಿ ಈ ಕಡೆ ಸರ್ಕೊಳಪ್ಪಾ, ಮನೆ ಒಡೀತಾವ್ರೆ!”

ವಸ್ತು ಮೂರಡಿ ಸರಿದುಕೊಂಡಿತು.

ವೇಣುಗೋಪಾಲ್ ತಾರಸಿ ಹತ್ತಿ, ಟೇಪು ಬಿಚ್ಚಿ, ನೆರಳನ್ನು ಮತ್ತೊಮ್ಮೆ ಅಳೆದು ಕೆಳಗಿಳಿದರು.

“ಈಗ ಸರಿಯಾಯ್ತು ನೋಡಿ. ಇದನ್ನೇ ಮೊದ್ಲೇ ಮಾಡಿದ್ರೆ ನಮಗ್ಯಾಕಮ್ಮಾ ಈ ಓಡಾಟ? ಇನ್ನು ಕಂಬದ್ದೊಂದು ಉಳೀತು. ಕಂಬ ಇಲ್ದೆ ಬಿದ್ರೆ ಯಾರು ಜವಾಬ್ದಾರಿ?”

“ಬೀಳಲ್ಲ ಸಾರ್,” ಎಂದರು ನಿಶಾಂತ್. “ಬೀಳಿಸೋದು ಹೇಗೆ ಅಂತ ನಮ್ಮಲ್ಲಿ ಎರಡು ಸಮಿತಿ ಕೂತಿದ್ವು. ಆಗಲ್ಲ ಅಂತ ಎರಡೂ ಬರೆದುಕೊಟ್ಟಿವೆ.”

“ಅದರ ಜೆರಾಕ್ಸ್ ಇದೆಯಾ?”

ಇತ್ತು. ವೇಣುಗೋಪಾಲ್ ಅಲ್ಲೇ ಜೆಸಿಬಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: ‘ಸದರಿ ವಸ್ತುವನ್ನು ಶ್ರೀಮತಿ ಮಾರಕ್ಕನವರ ಮನೆಯ ಮೂರನೇ ಅಂತಸ್ತು ಎಂದು ಗುರುತಿಸಲಾಗಿದೆ.’ ಗುರುತು ಸಿಕ್ಕಿದ್ದರಿಂದ ನಿಶಾಂತ್ ಅವರ ರಜೆ ಮಂಜೂರಾಯಿತು. ಅವರು ಮಾರಕ್ಕನವರ ಕಾಲಿಗೆ ನಮಸ್ಕರಿಸಿ, ಹೊಲಿಗೆ ಯಂತ್ರವನ್ನು ತಾವೇ ಒಳಗೆ ಹೊತ್ತು ತಂದಿಟ್ಟು, ಲಗ್ನಪತ್ರಿಕೆ ಕೊಟ್ಟು ಹೊರಟರು.

ವಾರ ಕಳೆದ ಮೇಲೆ ಪಕ್ಕದ ಮನೆಯ ರಾಮಾನುಜ ಅವರು ಗೇಟಿನ ಬಳಿ ಬಂದು ಕೆಮ್ಮಿದರು. ಅವರು ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಅಷ್ಟರಲ್ಲಿ ವಸ್ತುವಿನ ಹೊಟ್ಟೆಯಲ್ಲಿ ಒಂದು ದುಂಡು ಬಾಗಿಲು ತೆರೆದು, ನೀಲಿ ಬಣ್ಣದ ನೀಳ ಕೈಯೊಂದು ಒದ್ದೆ ಬಟ್ಟೆಯಂಥದ್ದನ್ನು ಕೊಡವಿ ಒಣಗಲು ಇಳಿಬಿಟ್ಟಿತು.

“ಮೇಲ್ಗಡೆ ಜನ ಬಂದ ಹಾಗಿದೆ?” ಎಂದರು ರಾಮಾನುಜ.

“ಹೂಂ. ಗಲಾಟೆ ಇಲ್ಲ, ಪಾಪ. ನೀರೂ ಕೇಳಲ್ಲ.”

“ಅಲ್ಲ, ತಪ್ಪು ತಿಳ್ಕೋಬೇಡಿ. ವೆಜಿಟೇರಿಯನ್ನಾ?”

ಮಾರಕ್ಕ ತುಸು ಯೋಚಿಸಿದರು. “ಇಲ್ಲೀವರೆಗೂ ಯಾರನ್ನೂ ತಿಂದಿಲ್ಲ.”

ಹಾಗಿದ್ದಲ್ಲಿ ಸಂಘದ ಅಭ್ಯಂತರವಿಲ್ಲವೆಂದ ರಾಮಾನುಜ ಅವರು, ಭಾನುವಾರದ ವಾರ್ಷಿಕ ಸಭೆಗೆ ಮೇಲಿನವರನ್ನೂ ಕಳಿಸುವಂತೆ ಹೇಳಿ ಹೋದರು.

ಆರು ಜನ ಬಂದರು. ಸಂಘ ಸ್ಥಾಪನೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ಕೋರಂ ಭರ್ತಿಯಾಯಿತು. ಅವರಲ್ಲಿ ಎಲ್ಲರಿಗಿಂತ ಉದ್ದವಿದ್ದವರನ್ನು ಬೀದಿದೀಪ ಉಸ್ತುವಾರಿಗೆ ಅವಿರೋಧವಾಗಿ ಆಯ್ಕೆ ಮಾಡಲಾಯಿತು.