ಪಡದೆಯ ಹಿಂದಿನ ಚುರಮರಿ ಉಂಡಿ

ಕೆಟ್ಟ ಕೆಲಸ ಮಾಡಿ ನಾಚಿಕೊಂಡವನನ್ನು ಜನ ಎಂದಾದರೊಂದು ದಿನ ಕ್ಷಮಿಸುತ್ತಾರೆ. ಕೆಟ್ಟದ್ದೇ ಅಲ್ಲದ ಕೆಲಸವನ್ನು ಕದ್ದು ಮಾಡಿ ನಾಚಿಕೊಳ್ಳುವವನ ಪಾಡು ಮಾತ್ರ ವೈರಿಗೂ ಬೇಡ. ನಾನು ಚಹಾ ಕುಡಿಯುತ್ತೇನೆ. ಇಷ್ಟು ಹೇಳಲು ನನಗೆ ಒಂದು ಪ್ರಬಂಧವೇ ಬೇಕಾಯಿತು ನೋಡಿ! ನರಗುಂದದ ಸಂತೆಗೆ ಎಮ್ಮೆ ಮಾರಲು ಬಂದವನು ಕೂಡ ನಾಲ್ಕು ಜನರೆದುರು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಸೊರ್ರೆಂದು ಕುಡಿದು ಮೀಸೆ ಒರೆಸಿಕೊಳ್ಳುತ್ತಾನೆ. ನಾನು ಸಾಲಿ ಮಾಸ್ತರ, ಮದುವೆಯಾದವನು, ಊರಲ್ಲಿ ನಾಲ್ಕು ಜನ ನಮಸ್ಕಾರ ಮಾಡುವಂಥವನು, ಗೋಡೆಗೆ ಮುಖ ಮಾಡಿ ಕುಡಿಯುತ್ತೇನೆ.

ಇದಕ್ಕೆಲ್ಲ ಮೂಲ ನಮ್ಮ ಅಪ್ಪ. ನಾನು ಚಿಕ್ಕವನಿದ್ದಾಗ ಯಾರೋ ಚಹಾ ಮಾರುವವರು ನಮ್ಮೂರು ರೋಣದ ಸಂತೆಗೆ ಗಾಡಿ ತಂದು ಬಂದವರಿಗೆಲ್ಲ ಪುಕ್ಕಟೆ ಚಹಾ ಕುಡಿಸಿದರಂತೆ. ಜನ ಮುಗಿಬಿದ್ದು ಕುಡಿದರು. ಅಪ್ಪ ದೂರ ನಿಂತು ನೋಡಿ, "ಪುಕ್ಕಟೆ ಕೊಡಲಿಕ್ಕೆ ಅವರೇನು ನಮ್ಮ ಬೀಗರ? ಇದರಾಗ ಏನೋ ಮಸಲತ್ತು ಅದ" ಎಂದು ತಿರುಗಿ ಬಂದರು. ಅಂದಿನಿಂದ ನಮ್ಮ ಮನೆಯ ಹೊಸ್ತಿಲನ್ನು ಚಹಾಪುಡಿ ದಾಟಲಿಲ್ಲ. ಬಂದವರಿಗೆ ಮಜ್ಜಿಗೆ, ನೆಗಡಿಯಾದವರಿಗೆ ಕಷಾಯ. ನಾನು ಮಾಸ್ತರಿಕೆಯ ಟ್ರೇನಿಂಗಿಗೆಂದು ಧಾರವಾಡಕ್ಕೆ ಹೋದಾಗ ಚಹಾ ಕಲಿತೆ. ಖರೇ ಹೇಳಬೇಕೆಂದರೆ ಅಲ್ಲಿ ಕಲಿತದ್ದರಲ್ಲಿ ಇಂದಿಗೂ ಮರೆಯದೆ ಉಳಿದದ್ದು ಅದೊಂದೇ. ಆಮೇಲೆ ನರೇಗಲ್ಲಿನ ಸಾಲೆಯಲ್ಲಿ ನೌಕರಿ ಸಿಕ್ಕು ಒಂಟಿ ಖೋಲಿಯಲ್ಲಿ ಇರತೊಡಗಿದ ಮೇಲಂತೂ ಚಹಾ ಇಲ್ಲದೆ ನನಗೆ ಬೆಳಗೇ ಆಗುತ್ತಿರಲಿಲ್ಲ. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಆಗಲಿಲ್ಲ. ಅವರು ಕಂಡಕಂಡವರ ಮುಂದೆ, "ನಮ್ಮ ಹುಡುಗಗ ಚಹಾದ ಚಟಾ ಸುದ್ಧಾ ಇಲ್ಲರಿ" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು. ಹೇಳಿಕೊಳ್ಳುವಂಥ ಬೇರೆ ಗುಣ ನನ್ನಲ್ಲಿ ಅವರಿಗೆ ಸಿಕ್ಕಿರಲಿಕ್ಕಿಲ್ಲ.

ಇದೇ ಗುಣವನ್ನು ಮುಂದೆ ಮಾಡಿ ನನಗೆ ಹೆಣ್ಣು ನೋಡಲು ಸುರುವಾಯಿತು. ನೋಡುವ ಕೆಲಸ ವೆಂಕಣ್ಣಮಾಮಾನದು, ಅಂದರೆ ನಮ್ಮ ಅವ್ವನ ಅಣ್ಣನದು. ಮೊದಲು ನರಗುಂದದ ಒಂದು ಮನೆಗೆ ಹೋದೆವು. ಅಲ್ಲಿ ಶಾವಿಗೆ ಪಾಯಸ ಚಲೋ ಇತ್ತು, ನಾನು ಬಡಿಸಿದಷ್ಟೂ ಉಂಡೆ. "ಹುಡುಗ ಹೆಣ್ಣು ನೋಡಲಿಕ್ಕೆ ಬಂದಾನೋ, ಉಣ್ಣಲಿಕ್ಕೆ ಬಂದಾನೋ ತಿಳೀಲಿಲ್ಲ" ಎಂದು ಅವರು ಹೇಳಿ ಕಳಿಸಿದರು. ಶಿರೋಳದ ಮನೆಯಲ್ಲಿ ಆ ಹೆದರಿಕೆಗೆ ಏನೂ ತಿನ್ನದೆ ಕುಳಿತೆ. "ಹುಡುಗಗ ಏನೋ ಜಡ್ಡು ಅದ" ಎಂದರು. ಮೂರನೆಯದು ಗಜೇಂದ್ರಗಡದ ಹಣಮಂತರಾಯರ ಮಗಳು. ಹೊರಡುವಾಗಲೇ ಮಾಮಾ ಬೆರಳು ಎತ್ತಿ ಹೇಳಿದ: "ತಾಟಿನ್ಯಾಗ ಇಟ್ಟದ್ದರಾಗ ಅರ್ಧಾ ತಿನ್ನು, ಅರ್ಧಾ ಬಿಡು. ಕೇಳಿದಷ್ಟಕ್ಕ ಮಾತಾಡು. ಇದೂ ತಪ್ಪಿತಂದ್ರ ನಾ ಇನ್ನ ನಿನ್ನ ಸಲುವಾಗಿ ಯಾರ ಮನಿ ಮೆಟ್ಟಲಾನೂ ಹತ್ತೂದಿಲ್ಲ."

ಮೋಟಾರಿನ ಧೂಳು ಕುಡಿದು ಗಜೇಂದ್ರಗಡದಲ್ಲಿ ಇಳಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಮಾಮಾ, "ಹೆಣ್ಣಿನ ಮನಿಗೆ ಬರಿಗೈಲೆ ಹ್ಯಾಂಗ ಹೋಗೋದು, ಹಣ್ಣು ತರ್ತೀನಿ, ನೀ ಇಲ್ಲೇ ಗುಡಿ ಕಟ್ಟಿ ಮ್ಯಾಲೆ ಕೂತಿರು" ಎಂದು ಪೇಟೆಯತ್ತ ಹೋದ. ನಾನು ಕುಳಿತೆ. ಎದುರಿಗೇ ಒಂದು ಚಹಾದ ಅಂಗಡಿ. ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಗಾಜಿನ ಬರಣಿಯಲ್ಲಿ ಮಂಡಕ್ಕಿಗೆ ಬೆಲ್ಲ ಹಾಕಿ ಕಟ್ಟಿದ ಚುರಮರಿ ಉಂಡಿ ತುಂಬಿವೆ. ಹೆಣ್ಣಿನ ಮನೆಯಲ್ಲಿ ಅರ್ಧ ಬಿಡಬೇಕೆಂದರೆ ಮೊದಲೇ ಎಲ್ಲಾದರೂ ಪೂರಾ ತಿಂದಿರಬೇಕಲ್ಲವೇ? ಇದು ಮಾಮಾನ ಆಜ್ಞೆಯ ಪಾಲನೆಯೇ ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎದ್ದೆ.

ಆಗ ನಮ್ಮ ಕಡೆಯ ಚಹಾದ ಅಂಗಡಿಗಳಲ್ಲಿ ಹಿಂದುಗಡೆ ಒಂದು ಪಡದೆ ಇಳಿಬಿಟ್ಟಿರುತ್ತಿದ್ದರು. ಮುಂದಿನ ಬಾಕಿನ ಮೇಲೆ ಕೂಡುವವರು ಕುಡಿಯುವವರು. ಪಡದೆಯ ಹಿಂದೆ ಕೂಡುವವರು ಚಹಾ ಕುಡಿಯದವರು. ಅಂಗಡಿಯ ಮಲ್ಲಪ್ಪ ನನ್ನ ಧೋತರದ ಕಚ್ಚೆ, ಕರೀ ಟೊಪ್ಪಿಗೆ ನೋಡಿದವನೇ ಏನೂ ಕೇಳದೆ, "ಒಳಗ ನಡೀರಿ, ಅಲ್ಲೆ ಯಾರೂ ಬರಂಗಿಲ್ಲ" ಎಂದು ಪಡದೆ ಎತ್ತಿದ. ಒಳಗೆ ಆಗಲೇ ಒಬ್ಬರು ಗೋಡೆಯತ್ತ ತಿರುಗಿ ಕುಳಿತಿದ್ದರು. ವಯಸ್ಸಾದವರು, ತಲೆಗೆ ದೊಡ್ಡ ರುಮಾಲು. ನಾನು ಬಂದ ಸಪ್ಪಳಕ್ಕೆ ಬೆಚ್ಚಿ ಬಸಿಯನ್ನು ರುಮಾಲಿನ ಸೆರಗಿನಿಂದ ಮುಚ್ಚಿದರು. ನಿಮ್ಮಿಂದ ಮುಚ್ಚಿಡುವುದೇನು, ಅವರೇ ಹಣಮಂತರಾಯರು. ನನಗೆ ಮಾತ್ರ ಅದು ಇನ್ನೂ ಗೊತ್ತಿರಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಇಬ್ಬರು ಕಳ್ಳರು ಕೂಡಿದರೆ ಮಾತ್ರ ಮನಸ್ಸು ಹಗುರಾಗುತ್ತದೆ. ನಾನೂ ಅವರಂತೆಯೇ ಎಂದು ತಿಳಿದ ಮೇಲೆ ಅವರು ಸೆರಗು ತೆಗೆದರು. "ಯಾವೂರ್ರಿ?" ಎಂದರು. "ನರಗುಂದ್ರಿ" ಎಂದು ಸುಳ್ಳು ಹೇಳಿದೆ. "ತಾವ್ರಿ?" "ನಂದು ನರೇಗಲ್" ಎಂದರು ಅವರು. ನರೇಗಲ್ಲಿನಲ್ಲಿ ನನಗೆ ಗೊತ್ತಿಲ್ಲದ ರುಮಾಲೇ ಇರಲಿಲ್ಲ. ಆದರೆ ನರಗುಂದದವನು ನರೇಗಲ್ಲಿನ ಓಣಿಗಳ ವಿಚಾರ ಎತ್ತುವುದು ಹೇಗೆ? ಸುಮ್ಮನಾದೆ. ಅವರು ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು, "ಉಂಡಿ ತಿನ್ರಿ. ಚಹಾಕ್ಕಿಂತಾ ನಾ ಈ ಉಂಡಿ ಸಲುವಾಗಿನ ಬರೋದು. ಮನ್ಯಾಗೂ ಮಾಡ್ತಾರ ಅನ್ರಿ, ಆದ್ರ ಈ ರುಚಿ ಎಲ್ಲಿಂದ ಬರಬೇಕು!"

ತಿಂದೆ. ಅಬಬಬ! ಬೆಲ್ಲದ ಪಾಕ ಹದವಾಗಿತ್ತು, ಹಲ್ಲಿಗೆ ಅಂಟುತ್ತಿರಲಿಲ್ಲ. ಒಣಶುಂಠಿಯ ಸಣ್ಣ ಖಾರ ಗಂಟಲಿಗೆ ಇಳಿಯುತ್ತಿತ್ತು. ನಡುವೆ ಹಲ್ಲಿಗೆ ಏನೋ ಸಿಕ್ಕಿತು. ನೋಡಿದರೆ ಒಂದು ಇಡೀ ಹುರಿದ ಶೇಂಗಾಕಾಳು. ಇನ್ನೊಂದು ಉಂಡಿ ಒಡೆದೆ, ಅದರ ನಡುವೆಯೂ ಒಂದು ಶೇಂಗಾ. ಯಾರು ಕಟ್ಟಿದರೋ, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಕಾಳು ಇಟ್ಟು ಕಟ್ಟಿದ್ದರು. ರುಮಾಲಿನವರು ಎದ್ದು ಹೋದ ಮೇಲೂ, ಗುಡಿಯ ಕಡೆಯಿಂದ ಮಾಮಾನ ದನಿ ಕೇಳುವವರೆಗೂ ತಿನ್ನುತ್ತಲೇ ಇದ್ದು, ಆಮೇಲೆ ಬಾಯಿ ಒರೆಸಿಕೊಂಡು ಅವನ ಕಣ್ಣು ತಪ್ಪಿಸಿ ಕಟ್ಟೆಗೆ ಬಂದೆ.

ಆಮೇಲೆ ಹೆಣ್ಣಿನ ಮನೆ. ಜಮಖಾನೆಯ ಮೇಲೆ ಕುಳಿತು ತಲೆ ಎತ್ತಿದರೆ ಎದುರಿಗೆ ಅದೇ ರುಮಾಲು! ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನೆಲ ಬಾಯಿಬಿಟ್ಟಿದ್ದರೆ ನಮ್ಮಿಬ್ಬರಲ್ಲಿ ಯಾರು ಮೊದಲು ಇಳಿಯಬೇಕೆಂದು ಜಗಳವಾಗುತ್ತಿತ್ತು. ಮಾಮಾನಿಗೆ ಇದಾವುದೂ ಗೊತ್ತಿಲ್ಲ. ಅವನು ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗಗ ಚಹಾದ ಚಟಾ ಸುದ್ಧಾ ಇಲ್ಲರಿ" ಎಂದು ಸುರುಮಾಡಿದ. ಹಣಮಂತರಾಯರು ನೆಲ ನೋಡುತ್ತ, "ಭಾಳ ಚಲೋ ಆತು. ನಮ್ಮ ಮನ್ಯಾಗೂ ಅದನ್ನ ಮುಟ್ಟಂಗಿಲ್ಲ" ಎಂದರು. ಅವರ ಮೀಸೆಯ ತುದಿಯಲ್ಲಿ ಒಂದು ಚುರಮರಿ ಕಾಳು ಇನ್ನೂ ಅಂಟಿಕೊಂಡೇ ಇತ್ತು.

ಹುಡುಗಿ ಬಂದಳು. ಹೆಸರು ಪದ್ಮಾವತಿ, ಮನೆಯಲ್ಲಿ ಪದ್ದಿ. ತಾಟು ನನ್ನ ಮುಂದಿಟ್ಟು, ಒಮ್ಮೆ ನೇರವಾಗಿ ನೋಡಿ, ಬಾಗಿಲ ಹತ್ತಿರ ತಾಯಿಯ ಪಕ್ಕಕ್ಕೆ ಹೋಗಿ ನಿಂತಳು. ಆ ಒಂದು ನೋಟಕ್ಕೆ ನನಗೆ, ಈ ಮನೆ ತಪ್ಪಬಾರದು ದೇವರೇ, ಎನಿಸಿತು. ಹಣಮಂತರಾಯರು ಎಲ್ಲ ಹೆಣ್ಣಿನ ತಂದೆಯರೂ ಹೇಳುವ ಮಾತು ಹೇಳಿದರು: "ಎಲ್ಲಾ ನಮ್ಮ ಪದ್ದಿ ತನ್ನ ಕೈಯಾರೆ ಮಾಡಿದ್ದು." ತಾಟಿನಲ್ಲಿ ಉಪ್ಪಿಟ್ಟು, ಅದರ ಪಕ್ಕ ಚುರಮರಿ ಉಂಡಿ. ಅರ್ಧ ತಿನ್ನಬೇಕಲ್ಲ, ಉಂಡಿ ಕಚ್ಚಿದೆ. ಒಣಶುಂಠಿ. ನಡುವೆ ಹಲ್ಲಿಗೆ ಶೇಂಗಾಕಾಳು.

ಈಗ ನನ್ನ ಕಸುಬಿನ ವಿಚಾರ ಹೇಳಬೇಕು. ಹುಡುಗರು ಪಾಟಿಯ ಮೇಲೆ ಬರೆದು ತಂದ ಲೆಕ್ಕ ಪಕ್ಕದವನದು ನೋಡಿ ಬರೆದದ್ದು ಎಂದು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಿಡಿದ ಕೂಡಲೇ ಬಾಯಿ ತಾನಾಗಿ ತೆರೆಯುತ್ತದೆ, ತಡೆಯಲು ಬರುವುದಿಲ್ಲ. ಹೆಣ್ಣಿನ ಮನೆಯವರು ಅಂಗಡಿಯಿಂದ ತರಿಸಿ ಮಗಳ ಹೆಸರು ಹೇಳುವುದು ಊರೆಲ್ಲ ನಡೆದದ್ದೇ, ಕೇಳಿ ಸುಮ್ಮನಿರುವುದೇ ಮರ್ಯಾದೆ. ನಾನು ಮಾತ್ರ ಮಾಸ್ತರನ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಇವು ಮನಿ ಉಂಡಿ ಅಲ್ಲ. ಇವು ಅಂಗಡಿ ಉಂಡಿ!" ಎಂದೆ.

ಮಾಮಾ ತೊಡೆ ಚಿವುಟಿದ. ತಡವಾಗಿತ್ತು. ಹುಡುಗಿಯ ಮುಖ ಕೆಂಪಗಾಯಿತು. ನನ್ನ ನಾಲಿಗೆಯನ್ನು ನಾನೇ ಕಚ್ಚಿ ಹರಿದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಹಣಮಂತರಾಯರು ತಾವೂ ಒಂದು ಉಂಡಿ ತೆಗೆದುಕೊಂಡು ಕಚ್ಚಿ, ಕಣ್ಣು ದೊಡ್ಡದು ಮಾಡಿ, ಹೆಂಡತಿಯ ಮೇಲೆ ಗುಡುಗಿದರು: "ಖರೇ ಅದ! ಅದೇ ಶುಂಠಿ, ಅದೇ ಶೇಂಗಾ! ಬೀಗರ ಮುಂದ ಮಲ್ಲಪ್ಪನ ಅಂಗಡಿ ಉಂಡಿ ತಂದಿಟ್ಟು ನನ್ನ ಮಾನಾ ಕಳದಿಯೇನು?"

ಬಾಗಿಲಲ್ಲಿದ್ದ ತಾಯಿ ಸೆರಗು ಸರಿಮಾಡಿಕೊಂಡು, ಅವಸರವಿಲ್ಲದೆ ಕೇಳಿದರು: "ಮಲ್ಲಪ್ಪನ ಅಂಗಡಿ ಉಂಡಿ ರುಚಿ ನಿಮಗ ಹ್ಯಾಂಗ ಗೊತ್ತಾತು?"

ಹಣಮಂತರಾಯರು ಕಚ್ಚಿದ ಉಂಡಿಯನ್ನು ಮೆಲ್ಲಗೆ ತಾಟಿಗೆ ಮರಳಿ ಇಟ್ಟರು. ಮಾಮಾ ನನ್ನತ್ತ ತಿರುಗಿ, "ಅಲ್ಲೋ, ನಿನಗರ ಹ್ಯಾಂಗ ಗೊತ್ತಾತು?" ಎಂದ. ನಾನು ತಾಟು ನೋಡತೊಡಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಒಬ್ಬನೇ ಇರುತ್ತಾನೆ. ಇಲ್ಲಿ ಮಾವ, ಅಳಿಯ ಜೊತೆಯಾಗಿ ಮುಟ್ಟಿಕೊಂಡಿದ್ದೆವು.

ಆಗ ಪದ್ದಿ ಮಾತಾಡಿದಳು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಮಾತಾಡುವುದನ್ನು ನಾನು ಅಲ್ಲಿಯೇ ಮೊದಲು ಕೇಳಿದ್ದು. "ಅಂಗಡಿ ಉಂಡಿ ಮನಿಗೆ ಬಂದಿಲ್ರಿ. ಮನಿ ಉಂಡಿನ ಅಂಗಡಿಗೆ ಹೋಗ್ತಾವ. ನಾನು, ಅವ್ವಾ ಕೂಡಿ ಕಟ್ಟತೀವಿ, ಮನಿಗೆಲಸದ ಗಂಗವ್ವ ಒಯ್ದು ಕೊಡ್ತಾಳ. ಮನ್ಯಾಗ ದಿನಾ ತಿನ್ನೋ ಉಂಡಿಗೆ ಶುಂಠಿ, ಶೇಂಗಾ ಹಾಕೂದಿಲ್ರಿ." ಅಂಗಡಿಗೆ ಕಾಲಿಡದ ತಂದೆ, ಚಹಾ ಮುಟ್ಟದ ಗಂಡು, ಇವರಿಗೆ ರುಚಿ ಹೇಗೆ ಗೊತ್ತಾದೀತು ಎಂದು ಅವರು ಅದೇ ಉಂಡಿ ಇಟ್ಟಿದ್ದರು. ಪಾಪ, ನಮ್ಮಿಬ್ಬರ ಮೇಲೆ ಅಷ್ಟು ನಂಬಿಕೆ.

ಹಣಮಂತರಾಯರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಂಗಾದ್ರ ನಮ್ಮ ಮನಿ ಉಂಡಿ ತಿನ್ನಲಿಕ್ಕೆ ನಾ ಪಡದಿ ಹಿಂದ ಹೋಗಿ ಕೂಡತಿದ್ದೆನೇನು?" ಎಂದರು. ಅಷ್ಟರಲ್ಲೇ ಅವರಿಗೆ ಇನ್ನೊಂದು ಸಂಶಯ ಬಂತು. "ಉಂಡಿಗೆ ಬದಲಿ ಮಲ್ಲಪ್ಪ ಏನು ಕೊಡ್ತಾನ?" ತಾಯಿ ಮಗಳ ಮುಖ ನೋಡಿದರು. ಮಗಳು ಒಳಗೆ ಹೋದಳು. ನಾವು ಉಪ್ಪಿಟ್ಟು ಮುಗಿಸುವ ಮೊದಲೇ ಎಲ್ಲರ ಮುಂದೆ ಹಬೆಯಾಡುವ ಚಹಾ ಬಂತು. ಮಲ್ಲಪ್ಪ ಕೊಡುತ್ತಿದ್ದದ್ದು ಚಹಾಪುಡಿ. ಯಜಮಾನರು ಪಡದೆಯ ಹಿಂದೆ ಹೋದ ಹೊತ್ತಿಗೆ ಅಡಿಗೆಮನೆಯಲ್ಲೂ ಒಲೆ ಹೊತ್ತುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡದೆ ಕುಡಿದೆವು. ಮಾಮಾ ಮಾತ್ರ ಖಾಲಿ ಬಸಿ ಮುಂದೆ ಸರಿಸಿ, "ಇನ್ನೊಂದೀಟು ಹಾಕವಾ, ಪದ್ದಕ್ಕ" ಎಂದ. ಬಾಗಿಲ ಹಿಂದೆ ಒಂದು ನಗು ಕೇಳಿಸಿತು. ಆ ನಗುವಿಗೇ ಮದುವೆ ಗೊತ್ತಾಯಿತೆಂದು ನಾನು ತಿಳಿದಿದ್ದೇನೆ. ಎಲ್ಲರೂ ಸೇರಿ ಮಾಡಿಕೊಂಡ ಕರಾರು ಒಂದೇ: ಈ ಸುದ್ದಿ ರೋಣಕ್ಕೆ, ನಮ್ಮ ಅಪ್ಪನ ಕಿವಿಗೆ, ಹೋಗಬಾರದು.

ಮದುವೆಯಾದ ಮೇಲೆ ನನಗೆ ರೋಣಕ್ಕೇ ವರ್ಗವಾಯಿತು. ಹೆಂಡತಿಯನ್ನು ಮನೆಗೆ ತುಂಬಿಸಿಕೊಂಡ ದಿನವೇ, "ಅಪ್ಪನ ಮುಂದ ಚಹಾದ ಹೆಸರು ಎತ್ತಬ್ಯಾಡ" ಎಂದು ಎಚ್ಚರ ಹೇಳಿದೆ. ಅವಳು "ಹೂಂ" ಎಂದಳು. ನಾನು ಸಂಜೆಗೆ ಅಡ್ಡಾಡಲು ಹೋಗುತ್ತೇನೆಂದು ಹೇಳಿ, ಮೋಟಾರು ನಿಲ್ಲುವಲ್ಲಿನ ಅಂಗಡಿಯ ಪಡದೆಯ ಹಿಂದೆ ಕುಳಿತು ಬರುತ್ತಿದ್ದೆ. ಒಂದು ಸಂಜೆ ಬಾಯಿ ಒರೆಸಿಕೊಳ್ಳುತ್ತ ಮನೆಗೆ ಬಂದರೆ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ, ಅಪ್ಪ ಬಸಿಯಲ್ಲಿ ಚಹಾ ಊದಿ ಊದಿ ಕುಡಿಯುತ್ತಿದ್ದಾರೆ! ಪಕ್ಕದಲ್ಲಿ ಅವ್ವ, ಅವಳ ಕೈಯಲ್ಲೂ ಬಸಿ.

"ಹಿಂಗ್ಯಾಕ ನೋಡ್ತಿ? ಚಹಾ ಅಂತ ನನಗ ಗೊತ್ತದ" ಎಂದರು ಅಪ್ಪ. "ಸೊಸಿ ಅಂಜದ, 'ಮಾವನವರ, ಚಹಾ ಮಾಡ್ಲ್ಯಾ?' ಅಂತ ಕೇಳಿದಳು. ಇಷ್ಟು ವರ್ಷದಾಗ ನನ್ನ ಯಾರರೆ ಹಂಗ ಕೇಳಿದ್ರೇನು? ನಿನಗ ಮಾತ್ರ ಕೊಡಬ್ಯಾಡ ಅಂತ ನಾನ ಹೇಳೇನಿ. ನಾವಂತೂ ಕೆಟ್ಟಿವಿ, ಈ ಮನ್ಯಾಗ ನೀನರ ಒಬ್ಬಾಂವ ಶುದ್ಧ ಉಳಿ."

ಪದ್ದಿ ಬಾಗಿಲಲ್ಲಿ ನಿಂತಿದ್ದಳು. "ಖರೇನ ಬ್ಯಾಡೇನ್ರಿ?" ಎಂದು ನನ್ನನ್ನೇ ಕೇಳಿದಳು. ಅದೊಂದು ಗಳಿಗೆ ಇತ್ತು. ಬೇಕು ಎಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಎಷ್ಟು ಅಭಿಮಾನದಿಂದ ನನ್ನ ಮುಖ ನೋಡುತ್ತಿದ್ದರೆಂದರೆ, "ಛೇ ಛೇ, ನನಗ್ಯಾಕ?" ಎಂದುಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು.

ಅಂದಿನಿಂದ ಇಂದಿನವರೆಗೆ ಹೀಗೇ ನಡೆದಿದೆ. ಸಂಜೆಯಾದರೆ ಮನೆಯವರೆಲ್ಲ ಕಟ್ಟೆಯ ಮೇಲೆ ಕೂತು ಊರೆದುರು ಚಹಾ ಕುಡಿಯುತ್ತಾರೆ. ನಾನು ಆ ವಾಸನೆ ತಡೆಯಲಾರದೆ ಚಪ್ಪಲಿ ಮೆಟ್ಟಿಕೊಂಡು ಪಡದೆ ಹುಡುಕಿಕೊಂಡು ಹೋಗುತ್ತೇನೆ. ಈಗ ಆ ಪಡದೆಯ ಹಿಂದೆ ಜೊತೆಗೂ ಯಾರೂ ಬರುವುದಿಲ್ಲ. ಹೋದ ವಾರ ಅಂಗಡಿಯವನು ಬಸಿಯ ಜೊತೆಗೆ ಒಂದು ತಾಟು ತಂದಿಟ್ಟ. "ಉಂಡಿ ಹೊಸಾವು ಬಂದಾವ್ರಿ ಮಾಸ್ತರ. ಯಾರೋ ನಿಮ್ಮ ಓಣಿ ಕಡೆಯವರ ಕಟ್ಟಿ ಕಳಸ್ತಾರ, ತಿಂದು ನೋಡ್ರಿ" ಎಂದ. ಕಚ್ಚಿದೆ. ಒಣಶುಂಠಿ ಗಂಟಲಿಗೆ ಇಳಿಯಿತು. ನಡುವೆ ಹಲ್ಲಿಗೆ ಶೇಂಗಾಕಾಳು ಸಿಕ್ಕಿತು.

ಈ ಸಲ ಬಾಯಿ ಬಿಡಲಿಲ್ಲ. ಗೋಡೆಯ ಕಡೆ ಇನ್ನಷ್ಟು ತಿರುಗಿ ಕುಳಿತು, ತಾಟಿನಲ್ಲಿ ಅರ್ಧವನ್ನೂ ಬಿಡದೆ ಎಲ್ಲ ತಿಂದು ಮನೆಗೆ ಹೋದೆ. ಹೆಂಡತಿ, "ಅಡ್ಡಾಡಿ ಬಂದ್ರೇನು?" ಎಂದಳು. "ಹೂಂ, ಗಾಳಿ ಚಲೋ ಇತ್ತು" ಎಂದೆ.